ಪೂರ್ಣವಿರಾಮದಲ್ಲಿ ಮುನಿಸು ಕಂಡಾಗ

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳಿಗೆ ವಾಟ್ಸಾಪಿನಲ್ಲಿ ‘ಆಯಿತು.’ ಎಂದು ಬರೆದರೆ ‘ಯಾಕಮ್ಮ, ಸಿಟ್ಟಾ?’ ಎಂದು ಕೇಳುತ್ತಾಳೆ. ‘ನೋಡೋಣ...’ ಎಂದರೆ ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಜೀವನವಿಡೀ ಮಕ್ಕಳಿಗೆ ಲೇಖನ ಚಿಹ್ನೆಗಳನ್ನು ಕಲಿಸಿದ ನನಗೆ ಇದು ಅರ್ಥವಾಗುತ್ತಿಲ್ಲ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನೀವು ಬರೆದದ್ದರಲ್ಲಿ ತಪ್ಪಿಲ್ಲ, ಮಗಳು ಓದಿಕೊಂಡ ರೀತಿಯೂ ನಿರಾಧಾರವಲ್ಲ. ಪುಸ್ತಕದಲ್ಲಿ ಒಂದು ವಾಕ್ಯ ಎಲ್ಲಿ ಮುಗಿಯಿತೆಂದು ತಿಳಿಸಲು ಪೂರ್ಣವಿರಾಮ ಬೇಕೇ ಬೇಕು. ಆದರೆ ಮೊಬೈಲಿನಲ್ಲಿ ಒಂದೊಂದು ಸಂದೇಶವೂ ಬೇರೆಯಾಗಿಯೇ ಹೋಗುವುದರಿಂದ, ಕಳುಹಿಸಿದ ಕೂಡಲೇ ಮಾತು ಮುಗಿದಂತಾಗುತ್ತದೆ. ಹೀಗೆ ಅಗತ್ಯವಿಲ್ಲದ ಕಡೆ ಯಾರಾದರೂ ಚುಕ್ಕೆಯಿಟ್ಟರೆ, ಅದನ್ನು ಬೇಕೆಂದೇ ಇಟ್ಟಿದ್ದಾರೆಂದು ಭಾವಿಸುವ ಓದುಗರು ಅದರಲ್ಲಿ ‘ಇನ್ನು ಮಾತು ಸಾಕು’ ಎಂಬ ಬಿಗುವನ್ನು ಕಾಣುತ್ತಾರೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಒಂದೇ ಪದದ ಇಂಗ್ಲಿಷ್ ಉತ್ತರದ ಕೊನೆಯಲ್ಲಿ ಚುಕ್ಕೆಯಿದ್ದಾಗ ವಿದ್ಯಾರ್ಥಿಗಳಿಗೆ ಅದು ಕಡಿಮೆ ಪ್ರಾಮಾಣಿಕವೆನಿಸಿತು, ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮುನಿಸಿರುವುದು ಚುಕ್ಕೆಯಲ್ಲಲ್ಲ, ಅದು ಬಂದು ಕೂತ ಜಾಗದಲ್ಲಿ.

ಮೂರು ಚುಕ್ಕೆಗಳದ್ದು ಇನ್ನೂ ತೊಡಕಿನ ವಿಷಯ. ಕಾಗದ ಬರೆದು ರೂಢಿಯಿರುವ ಅನೇಕರಿಗೆ ಅದು ಉಸಿರು ತೆಗೆದುಕೊಳ್ಳುವ ಬಿಡುವು. ಮಕ್ಕಳಿಗಾದರೋ ನುಂಗಿಕೊಂಡ ಮಾತು.

ವ್ಯಂಗ್ಯದ ವಿಚಾರದಲ್ಲಿ ಕನ್ನಡಕ್ಕೆ ಹಳೆಯ ಅನುಕೂಲವೊಂದಿದೆ. ‘ಪಾಪ, ಅವರಿಗೆ ಬಿಡುವೇ ಇಲ್ಲವಂತೆ’ ಎಂಬಲ್ಲಿ ‘ಪಾಪ’ವೂ ‘ಅಂತೆ’ಯೂ ಕೆಲಸ ಮುಗಿಸಿಬಿಡುತ್ತವೆ; ಸಲಿಗೆಯ ಗೆಳತಿಯನ್ನು ಇದ್ದಕ್ಕಿದ್ದಂತೆ ‘ತಾವು ದೊಡ್ಡವರು’ ಎಂದರೂ ಸಾಕು, ಕುಟುಕು ತಾಗುತ್ತದೆ. ಆದರೆ ‘ಒಳ್ಳೇ ಕೆಲಸ ಮಾಡಿದೆ’ ಎಂಬಂಥ ಮಾತು ಹೊಗಳಿಕೆಯೋ ಕುಹಕವೋ ಎಂಬುದು ಪೂರ್ತಿಯಾಗಿ ದನಿಯನ್ನೇ ಅವಲಂಬಿಸಿದೆ. ನಮ್ಮ ಅಲಂಕಾರಶಾಸ್ತ್ರ ಕಾಕು ಎಂದು ಗುರುತಿಸಿದ್ದು ದನಿಯ ಈ ತಿರುವನ್ನೇ. ಬರಹದಲ್ಲಿ ದನಿಯಿಲ್ಲದಿರುವುದರಿಂದ ‘ಒಳ್ಳೇ’ ಎಂಬುದನ್ನು ಉದ್ಧರಣ ಚಿಹ್ನೆಯೊಳಗಿಟ್ಟೋ, ಕೊನೆಗೆ ಮೂರು ಚುಕ್ಕೆ ಸೇರಿಸಿಯೋ ಜನ ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದಾರೆ. ಇದನ್ನು ಭಾಷೆಯ ಕೆಡುಕೆಂದು ನಾನು ಎಣಿಸುವುದಿಲ್ಲ. ತಾಳೆಗರಿಯ ಕಾಲದಲ್ಲಿ ದಂಡವೆಂಬ ನೆಟ್ಟಗಿನ ಗೆರೆಯಂತಹ ಕೆಲವೇ ಗುರುತುಗಳಲ್ಲಿ ನಡೆಯುತ್ತಿದ್ದ ಕನ್ನಡ ಬರಹ, ಅಚ್ಚಿನ ಯಂತ್ರ ಬಂದ ಮೇಲೆ ಇಂದಿನ ಚಿಹ್ನೆಗಳನ್ನು ರೂಢಿಸಿಕೊಂಡಿತು. ಈಗ ಅವಕ್ಕೆ ಇನ್ನೊಂದು ಕೆಲಸವನ್ನೂ ಕೊಡುತ್ತಿದೆ.

ನೀವು ಕಲಿತದ್ದನ್ನು ಬಿಡಬೇಕಾಗಿಲ್ಲ. ಎರಡು ಮೂರು ವಾಕ್ಯಗಳ ಸಂದೇಶದಲ್ಲಿ ಚುಕ್ಕೆಗಳು ಧಾರಾಳವಾಗಿ ಇರಲಿ, ಅಲ್ಲಿ ಅವು ಓದಿಗೆ ನೆರವಾಗುತ್ತವೆ. ಒಂದೇ ಪದದ ಉತ್ತರದಲ್ಲಿ ಮಾತ್ರ ಬಿಟ್ಟುಬಿಡಿ, ಇಲ್ಲವೇ ‘ಆಯಿತು ಮಗಳೇ’ ಎಂದು ಬರೆಯಿರಿ. ‘ನೋಡೋಣ...’ ಎನ್ನುವ ಬದಲು ‘ನೋಡೋಣ, ಅಪ್ಪನನ್ನು ಕೇಳಿ ಸಂಜೆ ಹೇಳುತ್ತೇನೆ’ ಎಂದರೆ ಅವಳು ಊಹಿಸುತ್ತಾ ಕೂರಬೇಕಾಗುವುದಿಲ್ಲ. ಮೂರು ಚುಕ್ಕೆಗಳು ನಿಮ್ಮ ಬರವಣಿಗೆಯ ರೂಢಿಯಷ್ಟೇ ಎಂಬುದನ್ನು ಅವಳಿಗೂ ಒಮ್ಮೆ ತಿಳಿಸಿ.