ಗಿಟಾರೋ ಮುಳುಗಿದ್ದು ಒಂದೇ ಸಾಲಿನಲ್ಲಿ ಮುಗಿಯಬಾರದು

ಪ್ರಿಯ ಲೇಖಕರೇ,

‘ಮೇರ್ ಐಲೆಂಡ್: ಒಂದು ಐತಿಹಾಸಿಕ ಅವಲೋಕನ’ ತಲುಪಿತು. ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ವಿಷಾದ ಪತ್ರ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಏಕೆಂದರೆ ನಿಮ್ಮ ಹನ್ನೊಂದನೇ ಪುಟದಲ್ಲಿ, ಗಿಟಾರೋ ಎಂಬ ಜಲಾಂತರ್ಗಾಮಿ ಮುಳುಗಿದ ಸಾಲಿನಲ್ಲಿ, ಒಳ್ಳೆಯ ಲೇಖನವೊಂದು ಅಡಗಿ ಕೂತಿದೆ.

ಮೊದಲ ಪುಟ ತೆಗೆದುಹಾಕಿ. ‘ಅನಾದಿಕಾಲದಿಂದಲೂ ಮಾನವನಿಗೂ ಸಾಗರಕ್ಕೂ ಅವಿನಾಭಾವ ಸಂಬಂಧವಿದೆ’ ಎಂದು ಶುರುವಾಗುವ ಬರಹಗಳು ನಮ್ಮ ಕಚೇರಿಗೆ ಬರುತ್ತಲೇ ಇರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರಕ್ಕೆ, ನಾಪಾ ನದಿ ಬಂದು ಸೇರುವ ಜಾಗದ ಮೇರ್ ಐಲೆಂಡಿನಲ್ಲಿ, ಅಮೆರಿಕದ ನೌಕಾಪಡೆ 1854ರಲ್ಲಿ ಪೆಸಿಫಿಕ್ ಕರಾವಳಿಯ ತನ್ನ ಮೊದಲ ಶಿಪ್‌ಯಾರ್ಡ್ ತೆರೆಯಿತು, 1996ರಲ್ಲಿ ಮುಚ್ಚಿತು. ಪೀಠಿಕೆಗೆ ಇಷ್ಟು ಸಾಕು. ದ್ವೀಪಕ್ಕೆ ‘ಮೇರ್’ (ಹೆಣ್ಣು ಕುದುರೆ) ಎಂಬ ಹೆಸರು ತಂದ, ಮೆಕ್ಸಿಕೊ ಆಳ್ವಿಕೆಯ ಕಾಲದ ಜನರಲ್ ವಲೇಹೋ ಅವರ ಬಿಳಿ ಕುದುರೆ ಈಜಿ ದಡ ಸೇರಿದ ದಂತಕತೆ ಚೆನ್ನಾಗಿದೆ, ಎರಡು ಪ್ಯಾರಾ ನುಂಗುವಷ್ಟೇನೂ ಅಲ್ಲ.

ಇನ್ನು ತಪ್ಪು. ಜಗತ್ತಿನ ಮೊದಲ ಅಣುಚಾಲಿತ ಜಲಾಂತರ್ಗಾಮಿ ನಾಟಿಲಸ್ ಇಲ್ಲೇ ಹುಟ್ಟಿತು ಎಂದಿದ್ದೀರಿ. ಹೆಸರು ಒಂದೇ, ಹಡಗು ಎರಡು. ಮೇರ್ ಐಲೆಂಡಿನಲ್ಲಿ 1930ರಲ್ಲಿ ನೀರಿಗಿಳಿದ ನಾಟಿಲಸ್ ಡೀಸೆಲ್‌ನದು. ಅಣುಚಾಲಿತ ನಾಟಿಲಸ್ ಕಟ್ಟಿದ್ದು ದೇಶದ ಇನ್ನೊಂದು ತುದಿಯ ಗ್ರಾಟನ್‌ನಲ್ಲಿ; ಅದು ನೀರಿಗಿಳಿದದ್ದು 1954ರಲ್ಲಿ. ಮೇರ್ ಐಲೆಂಡ್ ಹೇಳಿಕೊಳ್ಳಬೇಕಾದ್ದು ಸಾರ್ಗೋ ಬಗ್ಗೆ. 1958ರಲ್ಲಿ ನೌಕಾಪಡೆ ಸೇರಿದ ಅದು ಪೆಸಿಫಿಕ್ ದಂಡೆಯಲ್ಲಿ ಕಟ್ಟಿದ ಮೊದಲ ಅಣುಚಾಲಿತ ಜಲಾಂತರ್ಗಾಮಿ. ಅದೂ ಸೇರಿ ಅಲ್ಲಿ ಕಟ್ಟಿದ್ದು 17. ಹದಿನೇಳರ ಹೆಸರು, ಉದ್ದ, ತೂಕ ಎಲ್ಲ ಕೊಟ್ಟಿದ್ದೀರಿ. ಪುಟ ತಿರುವುವಷ್ಟರಲ್ಲಿ ಮರೆತೆ.

ಮರೆಯದೆ ಉಳಿದದ್ದು ಈ ಸಾಲು: ‘1969ರಲ್ಲಿ ತಾಂತ್ರಿಕ ಕಾರಣಗಳಿಂದ ಗಿಟಾರೋ ಮುಳುಗಡೆಗೊಂಡಿತು.’ ಅಲ್ಲ ಸ್ವಾಮಿ, ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದ, ಇನ್ನೂ ಕೆಲಸವೇ ಮುಗಿಯದ ಜಲಾಂತರ್ಗಾಮಿ ನಿಂತಲ್ಲೇ ಮುಳುಗಿದೆ, ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುವುದೇ?

ಮೇ 15ರ ಸಂಜೆ ಅದರಲ್ಲಿ ಎರಡು ತಂಡಗಳು ಕೆಲಸಕ್ಕಿದ್ದವು. ಅಣುಸ್ಥಾವರದ ತಂಡ ಸುಮಾರು ನಾಲ್ಕಕ್ಕೆ, ಉಪಕರಣಗಳ ಅಳತೆ ಸರಿಪಡಿಸಲೆಂದು ಹಿಂಭಾಗದ ಟ್ಯಾಂಕ್‌ಗಳಿಗೆ ನೀರು ತುಂಬತೊಡಗಿತು. ಅರ್ಧ ಗಂಟೆಯ ನಂತರ ಇನ್ನೊಂದು ತಂಡ, ಮುಂಭಾಗ ಎರಡು ಡಿಗ್ರಿ ಮೇಲೆದ್ದಿದೆ, ಮಟ್ಟ ಮಾಡಬೇಕು ಎಂದು ಮುಂದಿನ ಟ್ಯಾಂಕ್‌ಗಳಿಗೆ ನೀರು ಬಿಡತೊಡಗಿತು. ಇವರು ಏನು ಮಾಡುತ್ತಿದ್ದಾರೆಂದು ಅವರಿಗೆ ಗೊತ್ತಿಲ್ಲ, ಅವರದ್ದು ಇವರಿಗೆ ಗೊತ್ತಿಲ್ಲ. ಏಳು ಗಂಟೆ ದಾಟಿದ ಮೇಲೆ ಕಾವಲಿನವನು ಎರಡು ಸಲ ಬಂದು ಹೇಳಿದ: ಮುಂಭಾಗ ತೀರಾ ತಗ್ಗಿದೆ, ಹಾದುಹೋಗುವ ದೋಣಿಗಳು ಎಬ್ಬಿಸುವ ಒಂದೂವರೆ ಅಡಿ ಅಲೆಗೇ ತೆರೆದ ಮ್ಯಾನ್‌ಹೋಲ್‌ನಲ್ಲಿ ನೀರು ಒಳಗೆ ಬರುತ್ತಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ಗಂಟೆಯ ಆಸುಪಾಸಿಗೆ ಅಣುಸ್ಥಾವರದವರು ತಮ್ಮ ಕೆಲಸ ಮುಗಿಸಿ ಹಿಂದಿನ ನೀರು ಖಾಲಿ ಮಾಡತೊಡಗಿದರು. ಮೂತಿ ಇನ್ನಷ್ಟು ತಗ್ಗಿತು. ಎಂಟೂವರೆಗೆ ಎಲ್ಲರಿಗೂ ಅರಿವಾದಾಗ ಬಾಗಿಲು ಮುಚ್ಚಲು ಓಡಿದರು. ಆದರೆ ಬಾಗಿಲುಗಳ ಮೂಲಕವೇ ಕೇಬಲ್, ಪೈಪು ಎಳೆದಿದ್ದರಿಂದ ಹೆಚ್ಚಿನವು ಮುಚ್ಚಲಿಲ್ಲ. 8.55ಕ್ಕೆ ಗಿಟಾರೋ ತಳ ಸೇರಿತು. ಆಳ ಬರೀ 35 ಅಡಿ! ಮೂರು ದಿನಕ್ಕೆ ಮೇಲೆತ್ತಿದರು. ನೌಕಾಪಡೆಗೆ ಸೇರುವಷ್ಟರಲ್ಲಿ 1972ರ ಸೆಪ್ಟೆಂಬರ್ ಬಂದಿತ್ತು. ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿ, ಇದು ಖಂಡಿತ ತಪ್ಪಿಸಬಹುದಾಗಿದ್ದ ಅವಘಡ ಎಂದಿತು.

ಇಲ್ಲಿ ‘ತಾಂತ್ರಿಕ ಕಾರಣ’ ಎಲ್ಲಿದೆ ತೋರಿಸಿ. ನಿಮ್ಮ ಲೇಖನದಲ್ಲಿ ಎಲ್ಲವೂ ‘ನಿರ್ಮಾಣಗೊಂಡಿತು’, ‘ಸೇರ್ಪಡೆಗೊಂಡಿತು’, ‘ಮುಳುಗಡೆಗೊಂಡಿತು’, ಮಾಡಿದವರೇ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಯಾರ್ಡಿನಲ್ಲಿ ಸುಮಾರು 40 ಸಾವಿರ ಜನ ದುಡಿಯುತ್ತಿದ್ದರು. ನಿಮ್ಮ ಹದಿನಾಲ್ಕು ಪುಟಗಳಲ್ಲಿ ಸ್ಪ್ಯಾನರ್ ಹಿಡಿದ ಒಂದು ಕೈಯೂ ಕಾಣಲಿಲ್ಲ. ಗಿಟಾರೋದಿಂದ ಶುರುಮಾಡಿ, ಆ ಸಂಜೆಯ ನಾಲ್ಕು ಗಂಟೆಯಿಂದ. 1854, ಸಾರ್ಗೋ, ಯಾರ್ಡ್ ಬಾಗಿಲು ಹಾಕಿದ್ದು, ಇವೆಲ್ಲ ಬೇಕಾದ ಕಡೆ ಒಂದೆರಡು ವಾಕ್ಯವಾಗಿ ಬರಲಿ. ಅಲ್ಲಿಯೇ ಕಟ್ಟಿದ ಟ್ಯಾಂಗ್ ಜಲಾಂತರ್ಗಾಮಿ 1944ರಲ್ಲಿ ತಾನೇ ಹಾರಿಸಿದ ಟಾರ್ಪಿಡೊ ಸುತ್ತಿಕೊಂಡು ಬಂದು ಬಡಿದು ಮುಳುಗಿತು, ಬದುಕಿದವರು 9 ಮಂದಿ. ಅದನ್ನು ಇದರೊಳಗೆ ತುರುಕಬೇಡಿ, ಬೇರೆಯೇ ಬರೆಯಿರಿ.

ಒಂದು ಗಂಟೆಯ ಕಾರಿನ ದಾರಿಯಲ್ಲೇ ಇದ್ದೀರಂತೆ. ಒಮ್ಮೆ ಹೋಗಿ ಬನ್ನಿ. ವಲೇಹೋ ಊರಿನ ಫೆರ್ರಿ ಕಟ್ಟೆಯಲ್ಲಿ ನಿಂತರೆ ಎದುರು ದಡವೇ ಮೇರ್ ಐಲೆಂಡ್. ನಡುವಿನ ನೀರು ಎಷ್ಟು ಅಗಲ, ದೋಣಿ ಹೋದರೆ ಅಲೆ ಎಷ್ಟೆತ್ತರ ಏಳುತ್ತದೆ, ಗುರುತು ಹಾಕಿಕೊಳ್ಳಿ. ನಿಮಗಿರುವ ಈ ಅನುಕೂಲ ಬೆಂಗಳೂರಿನಲ್ಲಿ ಕೂತು ಬರೆಯುವವರಿಗಿಲ್ಲ.

1,500 ಪದ ಮೀರದಿರಲಿ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ ಬೇಡ, ನೀವೇ ತೆಗೆದ ಫೋಟೊ ಇದ್ದರೆ ಅಡಿಬರಹದ ಜೊತೆ ಕಳಿಸಿ.

ಇತಿ,
ಸಂಪಾದಕ