ಥರ್ಮಲ್ ಚಿತ್ರದಲ್ಲಿ ಕಾಲ್ಬೆರಳುಗಳು ನೀಲಿಯಾಗಿ ಕಂಡರೆ

ಮೂಡಿಗೆರೆಯ ಆರೋಗ್ಯ ಶಿಬಿರದಲ್ಲಿ, ಮಧುಮೇಹವಿರುವ ನಿಮ್ಮ ತಂದೆಯವರ ಎರಡೂ ಪಾದಗಳ ಬೆರಳುಗಳು ಥರ್ಮಲ್ ಚಿತ್ರದಲ್ಲಿ ನೀಲಿಯಾಗಿ, ಅಂದರೆ ತಣ್ಣಗಿರುವಂತೆ, ಕಂಡವು; ಕಾಲಿನ ರಕ್ತನಾಳ ಕಟ್ಟಿದೆಯೇ ಎಂಬುದು ನಿಮ್ಮ ಪ್ರಶ್ನೆ. ಹಾಗೆ ಕಂಡದ್ದಕ್ಕೆ, ಬೆಳಗಿನ ಚಳಿಯಲ್ಲಿ ತೋಟದಿಂದ ಒದ್ದೆಗಾಲಿನಲ್ಲೇ ಬಂದು ಪರೀಕ್ಷೆಗೆ ಕುಳಿತದ್ದೇ ಬಹುಶಃ ಕಾರಣ. ಆ ಕ್ಯಾಮೆರಾ ಅಳೆಯುವುದು ಚರ್ಮದ ಮೇಲ್ಮೈಯ ಉಷ್ಣತೆಯನ್ನೇ ಹೊರತು ರಕ್ತನಾಳದ ಒಳಗಿನ ಅಡಚಣೆಯನ್ನಲ್ಲ. ಆದರೂ ಮಧುಮೇಹಿಗಳಲ್ಲಿ ಅಡಚಣೆ ಇಲ್ಲವೆಂದು ಚಿತ್ರ ನೋಡಿ ಹೇಳಲಾಗದು.

ಮೊದಲು ವೈದ್ಯರಿಂದ ಪಾದದ ನಾಡಿ ನೋಡಿಸಿ, ಬಳಿಕ ಕಣಕಾಲು ಮತ್ತು ತೋಳಿನ ರಕ್ತದೊತ್ತಡಗಳ ಅನುಪಾತವನ್ನು, ಅಂದರೆ ಎಬಿಐ ಅನ್ನು, ಅಳೆಸಿ. ಅದು 0.9ಕ್ಕಿಂತ ಕಡಿಮೆಯಿದ್ದರೆ ರಕ್ತದ ಹರಿವನ್ನು ತೋರಿಸುವ ಕಾಲಿನ ಡಾಪ್ಲರ್ ಸ್ಕ್ಯಾನ್ ಅಗತ್ಯ. ಮಧುಮೇಹದಲ್ಲಿ ಅಪಧಮನಿಗಳು ಗಡುಸಾಗಿ ಈ ಅಂಕಿ ಸುಳ್ಳಾಗಿ ಹೆಚ್ಚು ತೋರುವುದೂ ಉಂಟು, 1.4 ದಾಟಿದರೆ ನೆಮ್ಮದಿಪಡದೆ ಕಾಲ್ಬೆರಳಿನ ಒತ್ತಡವನ್ನೂ ಅಳೆಸಿ. ಥರ್ಮಲ್ ಚಿತ್ರವನ್ನು ಮತ್ತೆ ತೆಗೆಸುವುದಾದರೆ, ಪಾದ ಒರೆಸಿ ಕೋಣೆಯೊಳಗೆ 15 ನಿಮಿಷ ಬರಿಗಾಲಲ್ಲಿ ಕೂರಿಸಿ.

ಒಂದು ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ನೋವು ಅಥವಾ ಜೋಮು ಕಾಣಿಸಿದರೆ ಇವಾವುದಕ್ಕೂ ಕಾಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.