ಟ್ರಕೋಮಾ ವಾಸಿಯಾಗಿ ಎಷ್ಟೋ ವರ್ಷ ಆದಮೇಲೂ ರೆಪ್ಪೆ ಯಾಕೆ ಒಳಕ್ಕೆ ತಿರುಗುತ್ತದೆ?

ಪಕ್ಕದ ಮನೆಯ ರಾಜಸ್ಥಾನದ ಅಜ್ಜಿಗೆ ಚಿಕ್ಕಂದಿನಲ್ಲಿ ಟ್ರಕೋಮಾ (ಕ್ರಿಮಿಯಿಂದ ಅಂಟುವ ಕಣ್ಣಿನ ಸೋಂಕು) ಆಗಿತ್ತು, ಈಗ ಸೋಂಕಿಲ್ಲ ಅಂತಾರೆ ಡಾಕ್ಟರು, ಆದರೂ ರೆಪ್ಪೆಗೂದಲು ಚುಚ್ಚುತ್ತದೆ, ಯಾಕೆ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನಲ್ಲಿ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷೆ ಮಾಡುವವಳು/ವವನು. ಚಿಕ್ಕಪೇಟೆ ಕಡೆಯ ಮಾರ್ವಾಡಿ ಮನೆಗಳ ಹಿರಿಯರಲ್ಲಿ ಇಂಥ ಕಣ್ಣು ಅಪರೂಪಕ್ಕೆ ನೋಡುತ್ತೇನೆ. ಒಬ್ಬ ಅಜ್ಜಿ ಸೆರಗಿನ ತುದಿಗೆ ಪುಟ್ಟ ಚಿಮುಟ ಕಟ್ಟಿಕೊಂಡೇ ಬಂದಿದ್ದರು. ವಾರಕ್ಕೊಮ್ಮೆ ಸೊಸೆ ಕೂದಲು ಕೀಳುತ್ತಿದ್ದಳಂತೆ. ಮೇಲಿನ ರೆಪ್ಪೆ ಮಗುಚಿ ನೋಡಿದರೆ ಒಳಗೆಲ್ಲ ಬಿಳಿ ಗೆರೆ, ಹಳೇ ಸುಟ್ಟ ಗಾಯದ ಕಲೆಯ ಹಾಗೆ.

ಆ ಕಲೆಯಲ್ಲಿ ಟ್ರಕೋಮಾ ತರುವ ಕ್ಲಮೈಡಿಯಾ ಕ್ರಿಮಿಗಿಂತ ನಮ್ಮ ಮೈಯ ಕೈವಾಡವೇ ಜಾಸ್ತಿ. ಕ್ರಿಮಿ ರೆಪ್ಪೆಯ ಒಳಪದರದ ಜೀವಕೋಶದೊಳಗೆ ಅಡಗಿ ಬೆಳೆಯುತ್ತದೆ. ಕೋಶ ಕೂಗಿಕೊಂಡರೆ ಮೊದಲು ನ್ಯೂಟ್ರೋಫಿಲ್‌ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ, ಹಿಂದೆಯೇ ಲಿಂಫೋಸೈಟ್‌ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಗುಂಪುಗಟ್ಟುತ್ತವೆ. ಮಕ್ಕಳ ರೆಪ್ಪೆಯೊಳಗೆ ಕಾಣುವ ಸಬ್ಬಕ್ಕಿಯಂಥ ಗುಳ್ಳೆ ಆ ಗುಂಪೇ. ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ರಾಸಾಯನಿಕ ಬಿಡುತ್ತವೆ. ಅದು ಕೋಶದೊಳಗೆ ಕ್ರಿಮಿಗೆ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಖಾಲಿ ಮಾಡಿಸಿ ಕ್ರಿಮಿಯನ್ನು ಉಪವಾಸ ಕೆಡವುತ್ತದೆ. ಜಾಣ ಉಪಾಯ, ಅಲ್ವಾ?

ಆದರೆ ಈ ರಕ್ಷಣೆ ಬಹಳ ದಿನ ನಿಲ್ಲುವುದಿಲ್ಲ. ಒಂದೇ ಹಾಸಿಗೆ, ಒಂದೇ ಟವೆಲು, ಮುಖದ ಮೇಲೆ ಕೂರುವ ನೊಣ ಇದ್ದರೆ ಮಕ್ಕಳಿಗೆ ಮತ್ತೆ ಮತ್ತೆ ಅಂಟುತ್ತದೆ. ಪ್ರತಿ ಸಲವೂ ಉರಿಯೂತ. ಆಗ ಹೊರಬರುವ ಎಂಜೈಮು ರೆಪ್ಪೆಯ ಪದರವನ್ನೂ ಕೊರೆಯುತ್ತದೆ, ಆ ಜಾಗದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬುತ್ತದೆ. ಕಲೆ ಕುಗ್ಗುತ್ತಾ ಹೋದಂತೆ ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ಇಥಿಯೋಪಿಯಾ, ಟಾಂಜಾನಿಯಾಗಳಲ್ಲಿ ದೊಡ್ಡವರನ್ನು ವರ್ಷಗಟ್ಟಲೆ ಗಮನಿಸಿದಾಗ, ಕ್ರಿಮಿ ಸಿಗುವುದೇ ಅಪರೂಪವಾಗಿದ್ದರೂ ಉರಿಯೂತ ಇದ್ದವರಲ್ಲಿ ಕಲೆ ಬೆಳೆಯುತ್ತಲೇ ಇತ್ತು.

ಲಸಿಕೆಗೂ ಇದೇ ತೊಡಕು: ಕ್ರಿಮಿಯ ವಿರುದ್ಧ ಮೈಯನ್ನು ಕೆರಳಿಸಿದರೆ ಉರಿಯೂತವೂ ಹೆಚ್ಚಬಹುದು. 1960ರ ದಶಕದಲ್ಲಿ ಇಡೀ ಕ್ರಿಮಿಯನ್ನೇ ಬಳಸಿ ಪ್ರಯೋಗ ಮಾಡಿದಾಗ, ಲಸಿಕೆ ಪಡೆದ ಕೆಲವು ಕೋತಿಗಳಿಗೆ ಮತ್ತೆ ಸೋಂಕಾದಾಗ ಕಾಯಿಲೆ ಇನ್ನೂ ಜೋರಾಯಿತು.

2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ಒಪ್ಪಿತು. ಹಳೇ ಕಲೆ ಹೊತ್ತವರು ಆ ಲೆಕ್ಕದಿಂದ ಮಾಯವಾಗಲಿಲ್ಲ.

ಸೋಂಕಿಲ್ಲ ಅಂದಮೇಲೆ ಅಜ್ಜಿಗೆ ಸುಮ್ನೆ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ನುಂಗಿಸಬೇಡಿ. ಬೇಕಾಗಬಹುದಾದದ್ದು ರೆಪ್ಪೆಯ ಅಂಚನ್ನು ಹೊರಕ್ಕೆ ತಿರುಗಿಸುವ ಸಣ್ಣ ಆಪರೇಷನ್. ಆ ಜಾಗ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಕೆಲವರಿಗೆ ಕೂದಲು ಮತ್ತೆ ತಿರುಗುವುದೂ ಉಂಟು, ಮೊದಲೇ ಹೇಳಿಬಿಡಿ. ಮಿಂಟೋ ಆಸ್ಪತ್ರೆಗೋ ಹತ್ತಿರದ ಕಣ್ಣಿನ ಡಾಕ್ಟರ ಬಳಿಗೋ ಕರೆದುಕೊಂಡು ಹೋಗಿ. ಅಲ್ಲಿಯತನಕ ಮನೆಯ ಚಿಮುಟ ದೂರ ಇಡಿ. ಅರ್ಧಕ್ಕೆ ಮುರಿದ ಮೊಂಡು ಕೂದಲು ಉದ್ದ ಕೂದಲಿಗಿಂತ ಜಾಸ್ತಿ ಚುಚ್ಚುತ್ತದೆ. ಸೆರಗಿಗೆ ಚಿಮುಟ ಕಟ್ಟಿಕೊಂಡಿದ್ದ ಆ ಅಜ್ಜಿಯ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಕಂಡ ಗೀರು ಅಂಥದ್ದೇ.